ಗೂಡಿನ ಮಾರ್ಕೆಟ್ಟಿನ ಗೋಡೆಯ ಲಕ್ಷ್ಮಿ

ಚನ್ನಪಟ್ಟಣದಲ್ಲಿ ಹೊಂಗನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು. ಚಿಕ್ಕವಳು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು.

“ಬೆಂಗ್ಳೂರಿಂದ ಬಂದಿದ್ದ ಫೋಟೋದವ್ನು ಹಳೇ ಕಾಲದ ಲಕ್ಷ್ಮಿ ಪಟದಂಗೇ ನನ್ನ ಕೂರಿಸ್ದ ಕಣಕ್ಕ. ಹಸಿರು ಬಳೆ, ಹೂವು, ಕುಂಕುಮ, ಎಲ್ಲಾ ಹಾಕ್ಸಿ.”

“ಗಂಡ ಸತ್ತವ್ನೆ ಅಂತ ಹೇಳ್ನಿಲ್ವೇನೇ?”

“ಅವ್ನು ಕೇಳ್ನಿಲ್ಲ.”

“ಆ ಫೋಟೋನ ಬೆಂಗ್ಳೂರಲ್ಲಿ ತಾನೆ ಪ್ರದರ್ಶನಕ್ಕೆ ಹಾಕೋದು? ನಮ್ಮೋರು ಯಾರು ನೋಡ್ತಾರೆ?”

“ರಾಮನಗರದ ಗೂಡಿನ ಮಾರ್ಕೆಟ್ ಗೋಡೆಗೆ ಹಾಕವ್ರಂತೆ, ಆಳುದ್ದ. ನಾಳೆ ನಮ್ ಭಾವ ರೇಷ್ಮೆಗೂಡು ತಕೊಂಡು ಅಲ್ಲಿಗೇ ಹೋಯ್ತಾರೆ.”

“ಗುರ್ತು ಸಿಗಾಕಿಲ್ಲ ಬುಡು. ಕುಂಕುಮ ಇಟ್ಟ ನಿನ್ ಮೊಕ ನೋಡಿ ಆರು ವರ್ಷ ಆಯ್ತು.”

“ಅದಕ್ ಮುಂಚೆ ಹತ್ತು ವರ್ಷ ದಿನಾ ನೋಡವ್ರಲ್ಲಕ್ಕ.”

ಬಸ್ ಬಂತು. ದೊಡ್ಡವಳು ಹತ್ತಿ ಪಕ್ಕದ ಸೀಟಿಗೆ ಚೀಲ ಇಟ್ಟಳು. ಚಿಕ್ಕವಳು ಹತ್ತಲಿಲ್ಲ. ರಾಮನಗರದ ಬಸ್ಸಿನ ಕಡೆಗೆ ಬಿರಬಿರನೆ ನಡೆದಳು.