ಮನೆಯಲ್ಲಿದ್ದ ಮೂರು ವರ್ಷ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೈಲರಮ್ಮನಿಗೆ, ಮುಂದಿದ್ದ ಅಣ್ಣ ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಂಗಿ ಕೆಲಸಕ್ಕೆ ಅರ್ಜಿ ಹಾಕಲು ರೆಸ್ಯೂಮೆ ಟೈಪ್ ಮಾಡಿಸುತ್ತಿದ್ದಳು.

“ಆ ಮೂರು ವರ್ಷ ಖಾಲಿ ಬಿಟ್ಟಿದ್ದಕ್ಕೇ ಯಾರೂ ಕರೀತಿಲ್ಲ ಅಣ್ಣಾ.”

“ಮನೇಲಿದ್ದೆ ಅಂತ ಹಾಕು.”

“ಮನೇಲಿದ್ನಾ? ನಿನ್ನ ಬೇಕರಿ ಬಾಗಿಲು ದಿನಾ ತೆಗೀತಿದ್ದೋರು ಯಾರು?”

“ಅದು ಮನೆಯವಳಾಗಿ ಕೈ ಜೋಡಿಸಿದ್ದು. ಅದನ್ನ ಕೆಲಸ ಅಂತಾರಾ?”

“ಆರ್ಡರ್ ಹಿಡಿದೆ, ಕೆಲಸದವರನ್ನ ಸಂಭಾಳಿಸಿದೆ, ಗಿರಾಕಿಗಳ ಹತ್ರ ಬೈಸಿಕೊಂಡೆ. ನೀನು ಗಲ್ಲಾ ಬಿಟ್ಟು ಏಳ್ಲಿಲ್ಲ.”

“ಎಲ್ಲರೆದುರು ಮರ್ಯಾದೆ ಕಳೀಬೇಡ.”

ತಂಗಿ ಅವನ ಕಡೆ ನೋಡಲಿಲ್ಲ. “ಬೇಕರಿ ಮ್ಯಾನೇಜರ್ ಅಂತ ಹೊಡೀರಿ,” ಎಂದಳು ಟೈಪ್ ಮಾಡುವವನಿಗೆ. “ಈಗ ಹೇಳಿದ್ನಲ್ಲ, ಅದನ್ನೆಲ್ಲ ಕೆಳಗೆ ಸೇರಿಸಿ.”

“ವಿಚಾರಿಸೋಕೆ ಯಾರ ನಂಬರ್ ಹಾಕ್ಲಿ?”

“ಮಾಲೀಕರದ್ದು. ಇಲ್ಲೇ ನಿಂತಿದ್ದಾರೆ, ಕೇಳಿ.”

ಟೈಪ್ ಮಾಡುವವನು ಕತ್ತೆತ್ತಿ ಕಾದ. ಅಣ್ಣ ಮುಖ ಗಂಟು ಹಾಕಿಕೊಂಡು ಒಂದೊಂದೇ ಅಂಕಿ ಹೇಳಿದ. ಹಾಳೆ ಕೈಗೆ ಬಂದೊಡನೆ ತಂಗಿ ಹೊರಟಳು.

“ಯಾರಾದ್ರೂ ಫೋನ್ ಮಾಡಿ ಸಂಬಳ ಎಷ್ಟು ಕೊಡ್ತಿದ್ರಿ ಅಂತ ಕೇಳಿದ್ರೆ?” ಎಂದು ಅವನು ಬಾಗಿಲಲ್ಲಿ ಗೊಣಗಿದ.

“ಅದನ್ನ ನೀನೇ ಹೇಳು,” ಎನ್ನುತ್ತ ಅವಳು ಮೆಟ್ಟಿಲಿಳಿದಳು.