ಬಿಂದುಶ್ರೀ ಕಂಡ ಜೆಟ್

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು, ಕೊರಳಲ್ಲಿ ಕಾಲೇಜು ಲೆಕ್ಚರರ್‌ಗಳ ಐಡಿ ಕಾರ್ಡು.

“ಪ್ರಮೀಳಾ, ನಮ್ ಎಮ್ಮೆಸ್ಸಿ ಕ್ಲಾಸಿನ ಬಿಂದುಶ್ರೀ ಫೋಟೋ ಪೇಪರ್‌ನಲ್ಲಿ ಬಂದೈತೆ, ನೋಡಿದ್ಯಾ?”

“ನೋಡ್ದೆ. ಯಾವ್ದೋ ಗ್ಯಾಲಕ್ಸಿಯಿಂದ ಚಿಮ್ಮೋ ಬಿಸಿ ಗ್ಯಾಸಿನ ಧಾರೇನ, ಅದೇ ಜೆಟ್‌ನ, ಇವ್ಳೊಬ್ಳೇ ಕಂಡಂಗೆ ಬರ್ದವ್ರೆ.”

“ಕಂಡವ್ಳಲ್ವೇನೇ?”

“ಕಣ್ಣಾರೆ ಕಂಡ್ಲಾ? ಒಂದು ಟೆಲಿಸ್ಕೋಪಿಗೆ ಅದು ಬರೀ ಚುಕ್ಕೆ. ದೂರ ದೂರ ಇರೋ ನಾಲ್ಕು ಟೆಲಿಸ್ಕೋಪಿನ ಇನ್‌ಫ್ರಾರೆಡ್ ಬೆಳಕು ತಂದು ಒಂದ್ಕಡೆ ಕೂಡಿಸಿದ್ರೆ, ಆಗ ಜೆಟ್‌ನ ಬುಡ ಕಾಣ್ಸುತ್ತೆ. ದುಡಿದಿದ್ದು ಟೆಲಿಸ್ಕೋಪು, ಫೋಟೋ ಇವ್ಳದು!”

“ಅವ್ಳಿಗೆ ಸಿಕ್ಕಿದ್ ಪಿಎಚ್‌ಡಿ ಸೀಟು ನಿಂಗೇ ಸಿಗ್ಬೇಕಿತ್ತು, ಬುಡು.”

“ಇಂಟರ್‌ವ್ಯೂ ದಿನ ನನ್ ಪಕ್ಕಾನೇ ಕೂತಿದ್ಲು.”

“ಅದ್ಸರಿ, ಇಷ್ಟೆಲ್ಲ ನಿಂಗೆ ಹೆಂಗೊತ್ತು? ಪೇಪರ್‌ನಲ್ಲಿ ಇರ್ಲಿಲ್ವಲ್ಲ.”

“ಅವ್ಳ ಥೀಸಿಸ್ ತರಿಸ್ಕೊಂಡು ಓದ್ದೆ. ಎರಡ್ ಸಲ.”

“ಯಾಕೇ?”

“ತಪ್ಪು ಹುಡುಕೋಕೆ.”

“ಸಿಕ್ತಾ?”

ಅಷ್ಟರಲ್ಲಿ ಗುಬ್ಬಿ ಬಸ್ಸು ಬಂತು. ಪ್ರಮೀಳಾ ಬ್ಯಾಗು ಎತ್ತಿಕೊಂಡು ಓಡಿದರು. ಫುಟ್‌ಬೋರ್ಡ್ ಹತ್ತಿ ತಿರುಗಿ ಕೂಗಿದರು:

“ಒಂದೂ ಇಲ್ಲ ಕಣೇ! ಹಾಳಾದೋಳು, ಎಷ್ಟು ಚೆನ್ನಾಗಿ ಬರ್ದವ್ಳೆ!”