ಕಲ್ಲಿಗೊಂದು ಹೆಸರು

೧೮೭೯ರಲ್ಲಿ, ಒಹಾಯೋದ ನಮ್ಮೂರ ಕಲ್ಲುಕುಟಿಗನ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಮಹಿಳಾ ಸಂಘದ ಇಬ್ಬರು ಹೆಂಗಸರಿದ್ದರು. ತೀರಿಕೊಂಡ ಅಧ್ಯಕ್ಷೆಯ ನೆನಪಿಗೆ ಅನಾಥಾಲಯದ ಗೋಡೆಗೆ ಕಲ್ಲು ಕೆತ್ತಿಸಲು ಬಂದವರು.

“‘ಮಿಸೆಸ್ ಸೆನೆಟರ್ ಪ್ರೌಟಿ’ ಅಂದೆ. ಅವರ ಸ್ವಂತ ಹೆಸರೇನು ಅಂತಾನೆ ಕುಟಿಗ,” ಎಂದಳು ಕಿರಿಯಾಕೆ.

“ಸಂಘದ ಪುಸ್ತಕದಲ್ಲಿ ಇರಬೇಕಲ್ಲ?”

“ಇಪ್ಪತ್ತು ವರ್ಷದ್ದೂ ನೋಡಿದೆ. ಎಲ್ಲಾ ಕಡೆ ಗಂಡನ ಹೆಸರೇ.”

“ಆ ಅನಾಥಾಲಯದ ಕಡೆ ಸೆನೆಟರು ಒಂದಿನಾನೂ ತಲೆ ಹಾಕಲಿಲ್ಲ.”

“ಸಭೆಯಲ್ಲಿ ನೀವು ಅಧ್ಯಕ್ಷೆ ಪಕ್ಕದಲ್ಲೇ ಕೂರ್ತಿದ್ರಲ್ಲ?”

“ಕೇಳೋ ಪ್ರಮೇಯ ಬರಲಿಲ್ಲ. ಸೆನೆಟರನ್ನೇ ಕೇಳೋಣ, ನಡೀರಿ.”

“ಏನಂತ ಕೇಳೋದು? ಇಷ್ಟು ವರ್ಷ ಜೊತೆಗಿದ್ವಿ, ಹೆಸರು ಗೊತ್ತಿಲ್ಲ ಅಂತಾನಾ?”

ಬಾಗಿಲ ಬಳಿ ಹಿರಿಯಾಕೆ ನಿಂತಳು.

“ಮಿಸೆಸ್ ಲೂಮಿಸ್, ನಿಮ್ಮ ಹೆಸರೇನು?”

“ತಿರ್ಜಾ. ಯಾಕೆ, ನನ್ನ ಕಲ್ಲಿಗೂ ಈಗಲೇ ಹೇಳಿಬಿಡ್ತೀರಾ?”

ಹಿರಿಯಾಕೆ ನಗಲಿಲ್ಲ. ಮೆಟ್ಟಿಲಿಳಿಯುತ್ತಾ ಆ ಹೆಸರನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.